ಧಣಿ ಎಲಿಗಿಯೊನ ಮಂಡಿ

ಫ್ರೆಸ್ನೊ ಊರಿನ ದಕ್ಷಿಣದ ಕೇರಿಯಲ್ಲಿ ಎಲಿಗಿಯೊ ಬರ್ರಾಗಾನ್‌ನನ್ನು ಎಲ್ಲರೂ ಧಣಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯಿರಿ ಎಂದವನೂ ಅವನೇ. ಪಾರ್ಸೆಲ್ ಕಂಪನಿಯವರು ಸಹಿ ಹಾಕಿಸಿಕೊಂಡ ಕಾಗದದಲ್ಲಿ ಅವನು ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ ಎಂದಿತ್ತು. ಅರ್ಧ ಆಯುಸ್ಸು ಪರರ ತೋಟದಲ್ಲಿ ದ್ರಾಕ್ಷಿ ಕೊಯ್ದವನಿಗೆ ಆ ಮಾತು ತಲೆಗೇರಿತು. ಸಾಲ ಮಾಡಿ ಸ್ವಂತ ವ್ಯಾನ್ ಕೊಂಡ. ಕಂಪನಿ ಹೇಳಿದ ಬಣ್ಣ ಬಳಿಸಿದ. ಕಂಪನಿ ಹೇಳಿದ ಸಮವಸ್ತ್ರವನ್ನು ತನ್ನದೇ ಖರ್ಚಿನಲ್ಲಿ ತೊಟ್ಟ.

ಹೊಸ ಗಾಡಿ ಬಂದರೆ ಪಾದ್ರಿಗಳಿಂದ ತೀರ್ಥ ಹಾಕಿಸುವುದು ಆ ಕೇರಿಯ ಪದ್ಧತಿ. ಎಲಿಗಿಯೊ ಅಷ್ಟಕ್ಕೇ ಬಿಡಲಿಲ್ಲ. ಕಂಪನಿಯ ಡಿಪೋ ಗೇಟಿನ ಎದುರೇ ಜೋಳದ ಹಿಟ್ಟಿನ ಕಡುಬಿನಂಥ ಟಮಾಲೆ ಹಂಚಿ, "ಧಣಿಗೆ ಶುಭಾಶಯ" ಎಂದು ಬರೆಸಿದ್ದ ಕೇಕ್ ಕತ್ತರಿಸಿದ. ಭಾವಮೈದುನ ಚೆಮಾ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದ.

ಎರಡು ವರ್ಷದ ಮೇಲೆ ಯಾರದೋ ವ್ಯಾಯಾಮದ ಯಂತ್ರವನ್ನು ಹೊತ್ತು ಮೂರನೇ ಮಹಡಿಗೆ ಹತ್ತುವಾಗ ಅವನ ಮಂಡಿ ಕಳಚಿತು. ಆಪರೇಷನ್ ಆಗದಿದ್ದರೆ ಜೀವನವಿಡೀ ಕುಂಟುವುದೇ ಎಂದರು ವೈದ್ಯರು. ಕೆಲಸದಲ್ಲಿ ನೌಕರನಿಗೆ ಪೆಟ್ಟಾದರೆ ಚಿಕಿತ್ಸೆ ಧಣಿಯ ಹೊಣೆ. ಎಲಿಗಿಯೊ ಕುಂಟುತ್ತಾ ಡಿಪೋ ಮ್ಯಾನೇಜರ್ ಕರ್ಟಿಸ್ ಬಳಿ ಹೋದ.

"ಅದನ್ನ ನಿನ್ನ ಧಣೀನ ಕೇಳಪ್ಪ," ಅಂದ ಕರ್ಟಿಸ್.

"ನನ್ನ ಧಣಿ ಯಾರು ಸಾರ್?"

"ನೀನೇ."

ಧಣಿ ಎಲಿಗಿಯೊನ ಕೈಯಲ್ಲಿ ಎಲಿಗಿಯೊನ ಮಂಡಿ ರಿಪೇರಿ ಮಾಡಿಸುವಷ್ಟು ಕಾಸಿರಲಿಲ್ಲ. ಹೆಂಡತಿ ಅಂಪಾರೊ ಅವನನ್ನು ಸರ್ಕಿಸಿಯನ್ ಎಂಬ ವಕೀಲೆಯ ಬಳಿಗೆ ಎಳೆದೊಯ್ದಳು.

"'ನಾನು ನೌಕರ' ಅಂತ ನೀವು ಪ್ರಮಾಣ ಮಾಡಿ ಹೇಳ್ಬೇಕಾಗತ್ತೆ," ಎಂದಳು ವಕೀಲೆ.

"ಕೇರಿಯೋರು ಏನಂತಾರೆ ಮೇಡಂ?"

"ಹೇಳದೇ ಇದ್ರೆ ಕುಂಟ ಧಣಿ ಅಂತಾರೆ," ಅಂದಳು ಅಂಪಾರೊ.

ವಿಚಾರಣೆಯ ದಿನ ಕಂಪನಿಯ ವಕೀಲ ಚೆಮಾ ತೆಗೆದ ಫೋಟೊವನ್ನು ಬಾಗಿಲಗಲಕ್ಕೆ ಹಿಗ್ಗಿಸಿ ತಂದಿದ್ದ.

"ತೀರ್ಥ ಹಾಕ್ಸು ಅಂತ ಕಂಪನಿ ಹೇಳಿತ್ತಾ?"

"ಇಲ್ಲ ಸಾರ್."

"ಟಮಾಲೆ?"

"ಅದು ನಮ್ಮತ್ತೆ ಮಾಡಿದ್ದು."

"ಕೇಕ್ ಮೇಲಿರೋದನ್ನ ಸ್ವಲ್ಪ ಓದಿ."

ಎಲಿಗಿಯೊ ತಲೆತಗ್ಗಿಸಿ ಓದಿದ. ಕಂಪನಿಯ ವಕೀಲ ಹಬ್ಬದೂಟ ಉಂಡವನಂತೆ ಕುಳಿತ. ಸರ್ಕಿಸಿಯನ್ ಹಣೆ ಒತ್ತಿಕೊಂಡಳು.

ವಯಸ್ಸಾದ ನ್ಯಾಯಾಧೀಶೆ ಕನ್ನಡಕ ಏರಿಸಿ ಫೋಟೊ ನೋಡಿದರು. "ಫೋಟೊದಲ್ಲಿ ಇನ್ನೂ ಕತ್ತಲಿದೆಯಲ್ಲ? ಇಷ್ಟು ಹೊತ್ತಿಗೆ ಯಾರಾದ್ರೂ ಕೇಕ್ ತಿಂತಾರಾ?"

"ಭಾನುವಾರ ಮಧ್ಯಾಹ್ನ ಅಂದ್ಕೊಂಡಿದ್ದೆ ಅಮ್ಮಾವ್ರೇ. ಕರ್ಟಿಸ್ ಸಾಹೇಬ್ರು ರಜೆ ಕೊಡ್ಲಿಲ್ಲ. ಬೆಳಕಾಗೋದ್ರೊಳಗೆ ಗಾಡಿ ಗೇಟಿನೊಳಗೆ ಇರ್ಬೇಕು ಅಂದ್ರು. ಪಾದ್ರಿಗಳು ನಿದ್ದೆಗಣ್ಣಲ್ಲೇ ಬಂದ್ರು."

"ಕನ್ನಡಿಗೆ ಜಪಮಾಲೆ ಕಟ್ಟಿದ್ದೀರಿ."

"ಅವತ್ತೇ ಬಿಚ್ಚಿಸಿದ್ರು. ಗಾಡಿಯೊಳಗೆ ಏನೂ ನೇತಾಡಬಾರದಂತೆ."

"ಹಾಗಾದ್ರೆ ಧಣಿಯಾಗಿ ನೀವು ತೀರ್ಮಾನ ಮಾಡಿದ್ದೇನು?"

ಎಲಿಗಿಯೊ ಪ್ರಾಮಾಣಿಕವಾಗಿ ಯೋಚಿಸಿದ. ಹೋಗುವ ದಾರಿ ಕಂಪನಿಯದು. ಹೊರಡುವ ಹೊತ್ತು ಕಂಪನಿಯದು. ಕಾಲುಚೀಲದ ಬಣ್ಣವೂ ಕಂಪನಿಯದು.

"ಕೇಕಿನ ರುಚಿ, ಅಮ್ಮಾವ್ರೇ. ಮೂರು ಥರದ ಹಾಲಲ್ಲಿ ನೆನೆಸಿದ್ದೇ ಬೇಕು ಅಂತ ಹಟ ಮಾಡಿದ್ದೆ."

ಇದಕ್ಕೆ ಕಂಪನಿಯ ವಕೀಲ ತಕರಾರೆತ್ತಲಿಲ್ಲ.

ಎಲಿಗಿಯೊ ನೌಕರನೇ, ಮಂಡಿಯ ಚಿಕಿತ್ಸೆ ಕಂಪನಿಯದೇ ಎಂದು ತೀರ್ಪಾಯಿತು. ಮೇಲ್ಮನವಿಯೂ ಬಿದ್ದುಹೋಯಿತು. ಅಷ್ಟರಲ್ಲಿ ಕಂಪನಿ ಉಳಿದ ಚಾಲಕರಿಗೆಲ್ಲ ಹೊಸ ಆಜ್ಞೆ ಹೊರಡಿಸಿತ್ತು: ಸ್ವತಂತ್ರ ಗುತ್ತಿಗೆದಾರರು ಅನುಮತಿಯಿಲ್ಲದೆ ಕೇಕ್ ಕತ್ತರಿಸಕೂಡದು.

ಆಪರೇಷನ್ ದಿನ ಚೆಮಾ ಆಸ್ಪತ್ರೆಗೆ ಬಂದ. "ಏನ್ ಭಾವ, ಧಣಿ ಆಗಿದ್ದೋರು ಆಳಾಗಿ ಕೆಳಗಿಳಿದ್ರಲ್ಲ!"

ಎಲಿಗಿಯೊ ಮಂಚದ ಮೇಲೆ ಊದಿಕೊಂಡ ಕಾಲನ್ನು ಎರಡೂ ಕೈಯಿಂದ ನೇರ ಮಾಡಿಕೊಂಡ.

"ಇಳಿಯೋಕೂ ಮಂಡಿ ಬೇಕಲ್ಲೋ," ಅಂದ. "ಮೊದ್ಲು ಅದು ಸರಿ ಹೋಗ್ಲಿ."

ದಾದಿ ಬಂದು ಮಂಚ ತಳ್ಳಿಕೊಂಡು ಹೋದಳು.