ಸಂದು ಬಿಡದ ಸಂದಕ್ಕ

ಗೋಡೆಯೂ ನೆಲವೂ ಕೂಡುವಲ್ಲಿ, ಬಾಗಿಲೂ ಗೋಡೆಯೂ ಸೇರುವಲ್ಲಿ ಮರದ ಅಂಚುಪಟ್ಟಿ ಕೂರಿಸುವುದು ಕಟ್ಟಡ ಕೆಲಸಗಳಲ್ಲಿ ಕಡೆಯದು. ಹಿಂದಿನವರೆಲ್ಲ ಉಳಿಸಿಹೋದ ಓರೆಕೋರೆಗಳು ಅಲ್ಲಿಯೇ ಬಯಲಾಗುವುದರಿಂದ ಅತಿ ಕಠಿನವಾದುದೂ ಹೌದು. ಈ ಕಸುಬಿನಲ್ಲಿ ದೊಡ್ಡ ಹೆಸರು ಗಳಿಸಿ, ನಮ್ಮ ಮರಗೆಲಸ ಕಾರ್ಯಾಗಾರದ ಮುಖ್ಯಸ್ಥೆಯಾಗಿ ಈಗ ನಿವೃತ್ತರಾಗುತ್ತಿರುವವರು ನಮ್ಮೆಲ್ಲರ ಬಾಯಲ್ಲಿ ಸಂದಕ್ಕ. ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಕಂಡರೂ ಅವರಿಗೆ ಊಟ ಸೇರದು. ಹೆಸರಿಟ್ಟವರು ಅವರ ಯಜಮಾನರೇ: "ಮನೇಲಿ ನನ್ನ ಮಾತಿಗೂ ಸಂದು ಬಿಡಲ್ಲ ಇವಳು!"

ಮದುವೆಯಾದ ಹೊಸತರಲ್ಲಿ ಬಡಗಿ ಮಾವನವರ ಪಕ್ಕ ಕುಳಿತು ಉಳಿ ಹಿಡಿದವರು, ಮಾವ ಹಾಸಿಗೆ ಹಿಡಿದಾಗ ಅವರ ಜಾಗದಲ್ಲೇ ಬಂದು ನಿಂತರು. ಮೊದಲು ಮೂಗು ಮುರಿದವರೇ ಆಮೇಲೆ ಕೆಲಸ ಕಲಿಯಲು ಅವರ ಬೆನ್ನು ಹತ್ತಿದರು.

ಅಭಿನಂದನೆಯ ನಡುವೆ ಸೋಲಿನ ಕಥೆಯೇಕೆಂದು ಓದುಗರು ಕೇಳಬಹುದು. ಅದನ್ನು ಬರೆಯಲೇಬೇಕೆಂದು ಪಟ್ಟು ಹಿಡಿದವರು ಸಂದಕ್ಕನವರೇ.

ಅಂಧ ಮಕ್ಕಳ ಶಾಲೆಯೊಂದರ ಉದ್ದನೆಯ ಕಾರಿಡಾರಿಗೆ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಮರದ ಪಟ್ಟಿ ಕೂರಿಸಬೇಕಿತ್ತು. ಅದರ ಮೇಲೆ ಬೆರಳಾಡಿಸುತ್ತ ಮಕ್ಕಳು ತಮ್ಮ ತಮ್ಮ ತರಗತಿ ಸೇರಬೇಕು. ಬಂದ ಮರ ಹಸಿ, ಗೋಡೆಯ ಗಾರೆಯೂ ಹಸಿ. ಉದ್ಘಾಟನೆಯ ದಿನ ಗೊತ್ತಾಗಿತ್ತು. ಎಲ್ಲರೂ ಅವಸರಿಸಿದರು, ಸಂದಕ್ಕ ಮಣಿದರು. ಬೇಸಿಗೆ ಬಂದದ್ದೇ ಮರ ಕುಗ್ಗಿ ಜೋಡಣೆಗಳೆಲ್ಲ ಬಾಯಿ ಬಿಟ್ಟವು. ಒಬ್ಬ ಹುಡುಗಿಯ ಬೆರಳಿಗೆ ಸಿಬಿರು ಚುಚ್ಚಿತು. ಅಂದಿನಿಂದ ಅವಳು ಗೋಡೆ ಮುಟ್ಟಲೇ ಹೆದರಿ, ಕಾರಿಡಾರಿನ ನಡುವೆ ಕೈ ಮುದುಡಿ ನಿಂತುಬಿಡುತ್ತಿದ್ದಳು.

ಅದನ್ನು ನೋಡಿದ ಸಂದಕ್ಕ ಒಂದೊಂದು ಜೋಡಣೆಯ ಮೇಲೂ ತಾವೇ ಬೆರಳಾಡಿಸಿ ನೋಡಿದರು. ಗುತ್ತಿಗೆದಾರರು ಮಾತ್ರ ಹಗುರವಾಗಿ, "ಸಂದಿಗೆಲ್ಲ ಪುಟ್ಟಿ ಮೆತ್ತಿ ಬಣ್ಣ ಹೊಡೀರಿ ಅಕ್ಕ, ಯಾರಿಗೆ ಕಾಣುತ್ತೆ?" ಎಂದರು.

"ಇಲ್ಲಿರೋರೆಲ್ಲ ಬೆರಳಲ್ಲೇ ನೋಡೋರು ಅಣ್ಣ. ಮರ ಮತ್ತೆ ಕುಗ್ಗಿದ್ರೆ ಪುಟ್ಟಿ ಉದುರುತ್ತೆ. ತಪ್ಪು ನಂದು, ಪೂರ್ತಿ ಕಿತ್ತು ಹಾಕ್ತೀನಿ."

ಕಿತ್ತೇ ಹಾಕಿದರು. ಒಣಗಿದ ಹೊಸ ಮರವನ್ನು ತರಿಸಿ, ಆ ಗಾಳಿಗೆ ಒಗ್ಗಲೆಂದು ಅದೇ ಕಾರಿಡಾರಿನಲ್ಲಿ ಹರವಿ ವಾರಗಟ್ಟಲೆ ಕಾದರು. ಯಾರು ಗೊಣಗಿದರೂ ಜಗ್ಗಲಿಲ್ಲ. ಗೋಡೆಯ ಮೂಲೆ ಎಂದೂ ನೇರವಿರುವುದಿಲ್ಲ. ಆದ್ದರಿಂದ ಒಳಮೂಲೆಗಳಲ್ಲಿ ಎರಡು ತುದಿಗಳನ್ನು ಓರೆಯಾಗಿ ಕೊಯ್ದು ಕೂಡಿಸುವ ಬದಲು, ಒಂದು ಪಟ್ಟಿಯನ್ನು ಮೂಲೆಯವರೆಗೆ ನೇರವಾಗಿ ಕೂರಿಸಿ, ಇನ್ನೊಂದರ ತುದಿಯನ್ನು ಅದರ ಉಬ್ಬುತಗ್ಗಿಗೆ ಸರಿಯಾಗಿ ಕೊರೆದು ಒರಗಿಸಿದರು. ಉದ್ದದ ಜೋಡಣೆಗಳನ್ನು ಇಳಿಜಾರಾಗಿ ಕೊಯ್ದು, ಒಂದರ ಮೇಲೊಂದು ಮಲಗಿಸಿ, ಅಂಟು ಹಾಕಿ ಬಿಗಿದರು.

ಮುಂದಿನ ಬೇಸಿಗೆ ಕಳೆದ ಮೇಲೆ, ತಾವೂ ಕಣ್ಣು ಕಾಣದವರಾದ ಮುಖ್ಯೋಪಾಧ್ಯಾಯಿನಿಯವರು ಕಾರಿಡಾರಿನ ಉದ್ದಕ್ಕೂ ಬೆರಳಾಡಿಸಿ ಬಂದರು.

"ಜೋಡಣೆ ಎಲ್ಲಿದೆ ಅಕ್ಕ?"

ಸಂದಕ್ಕ ಅವರ ಬೆರಳು ಹಿಡಿದು ಇಟ್ಟರು. "ಇಲ್ಲೇ ಇದೆ."

"ಇಲ್ಲವಲ್ಲ!"

ಅಷ್ಟರಲ್ಲಿ, ಅಂದು ಸಿಬಿರು ಚುಚ್ಚಿಸಿಕೊಂಡಿದ್ದ ಆ ಹುಡುಗಿ ಇಬ್ಬರನ್ನೂ ಸವರಿಕೊಂಡು, ಒಂದು ಕೈ ಪಟ್ಟಿಯ ಮೇಲಿಟ್ಟು ಓಡಿಹೋದಳು. ಕಾರಿಡಾರಿನಲ್ಲಿ ಓಡಬಾರದೆಂದು ಗದರಿಸಬೇಕಾದ ಮುಖ್ಯೋಪಾಧ್ಯಾಯಿನಿಯವರು ಸುಮ್ಮನೆ ನಕ್ಕರು.

ಈಗ ಅದೇ ಶಾಲೆಯವರು ಮಕ್ಕಳಿಗೆ ಮರಗೆಲಸ ಕಲಿಸಲು ಸಂದಕ್ಕನವರನ್ನು ಕರೆದಿದ್ದಾರೆ, ಅವರು ಒಪ್ಪಿಯೂ ಆಗಿದೆ. ಅವರ ಕೈಗೆ ಕಸುವು, ನಾಲಿಗೆಗೆ ಇದೇ ಹರಿತ, ಬದುಕಿಗೆ ಆಯುರಾರೋಗ್ಯ ತುಂಬಿರಲಿ. ಅವರಿಂದ ಬೈಸಿಕೊಂಡು ಕಲಿಯುವ ಭಾಗ್ಯ ಇನ್ನೂ ಅನೇಕರದಾಗಲಿ.