ನೀರು ತುಂಬುವ ಹಬ್ಬಕ್ಕೆ ಸೋಲಾರ್ ಹೀಟರ್

ಎಂಬತ್ತರ ದಶಕದಲ್ಲಿ ನನ್ನ ಗಂಡ ಕಾರ್ಖಾನೆಯ ಕೆಲಸಕ್ಕೆ ಒಂದು ವರ್ಷ ರಜೆ ಹಾಕಿ, ರಾಜಾಜಿನಗರದಲ್ಲೊಂದು ಶೆಡ್ಡು ಹಿಡಿದು ಸೋಲಾರ್ ಹೀಟರ್ ಮಾಡಲು ಕೂತರು. ಬಿಸಿಲಿನಲ್ಲಿ ಸ್ನಾನದ ನೀರು ಕಾಯುತ್ತದೆ ಎಂದರೆ ಜನ ಮುಖದೆದುರೇ ನಗುತ್ತಿದ್ದರು. ತಾಮ್ರದ ತಗಡಿಗೆ ಕಪ್ಪು ಬಣ್ಣ ಬಳಿಯುವುದು ನನ್ನ ಪಾಲಿನ ಕೆಲಸ. ಉಗುರು ಸಂದಿಯ ಕಪ್ಪು ಏನು ಮಾಡಿದರೂ ಹೋಗುತ್ತಿರಲಿಲ್ಲ.

ದೀಪಾವಳಿ ಕಳೆದ ವಾರಕ್ಕೆ ರಜೆ ಮುಗಿಯುತ್ತಿತ್ತು. ಅಷ್ಟರೊಳಗೆ ನಾಲ್ಕು ಆರ್ಡರಾದರೂ ಬಾರದಿದ್ದರೆ ಶೆಡ್ಡಿಗೆ ಬೀಗ, ಇವರು ಮತ್ತೆ ಕಾರ್ಖಾನೆಗೆ. ಅಲ್ಲಿಯವರೆಗೆ ಹೋಗಿದ್ದು ಒಂದೇ ಒಂದು ಹೀಟರ್, ಬಸವೇಶ್ವರನಗರದ ರಿಟೈರ್ಡ್ ಮೇಷ್ಟ್ರ ಮನೆಗೆ. ಹಬ್ಬದ ಬೆಳಗ್ಗೆ ಎಣ್ಣೆಸ್ನಾನಕ್ಕೆ ಅದು ಬಿಸಿನೀರು ಕೊಟ್ಟರೆ ನಾವೂ ಹಾಕಿಸುತ್ತೇವೆ ಎಂದು ಆ ಬೀದಿಯ ಹೆಂಗಸರು ಹೇಳಿದ್ದರು.

ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಒಮ್ಮೆ ನೋಡಿಬರೋಣವೆಂದು ನಾನೇ ಹೋದೆ. ತಾರಸಿಯಲ್ಲಿ ಮೇಷ್ಟ್ರ ಹೆಂಡತಿ ನಮ್ಮ ಟ್ಯಾಂಕಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುತ್ತಿದ್ದರು. ನನಗೆ ಹಿಗ್ಗೋ ಹಿಗ್ಗು! ಕೆಳಗಿಳಿದು ಬಚ್ಚಲ ನಲ್ಲಿ ತಿರುಗಿಸಿದೆ. ಕೊರೆಯುವ ತಣ್ಣೀರು.

“ಹಳೇ ನೀರೆಲ್ಲಾ ಮೋರಿಗೆ ಬಿಟ್ಬಿಟ್ಟೆ ಕಣಮ್ಮ. ಹಬ್ಬಕ್ಕೆ ಹೊಸ ನೀರು ತುಂಬಬೇಡ್ವೇ?” ಎಂದರು ಹಿಂದೆಯೇ ಇಳಿದುಬಂದ ಅವರು.

ಹಂಡೆಯಾದರೆ ಹೊಸ ನೀರು ತುಂಬಿ ಉರಿ ಹಾಕಬಹುದು. ಮುಳುಗಿದ ಸೂರ್ಯನಿಗೆ ಯಾರು ಸೌದೆ ಒಟ್ಟುತ್ತಾರೆ? ನನಗೆ ತಲೆ ಕೆಟ್ಟುಹೋಯಿತು. “ಇಡೀ ದಿನ ಕಾದ ನೀರು ಆಂಟಿ! ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲಾ!” ಎಂದು ಕೂಗಾಡಿ, ಹಬ್ಬದ ಮನೆಯಲ್ಲಿ ಅತ್ತೂಬಿಟ್ಟೆ. ಅವರು ಗೋಡೆ ಹಿಡಿದು ಮೆಲ್ಲಗೆ ಒಳಗೆ ನಡೆದರು.

ಮನೆಗೆ ಬಂದು ಹೇಳಿದರೆ ಇವರು ಹಣೆ ಚಚ್ಚಿಕೊಂಡರು. “ತಪ್ಪು ನಂದೇ ಕಣೇ. ಬಿಸಿಲು, ಮೋಡ ಎಲ್ಲಾ ಯೋಚನೆ ಮಾಡ್ದೆ. ಹಬ್ಬ ಒಂದು ಮರೆತೆ.”

ಬೆಳಗ್ಗೆ ಇಬ್ಬರೂ ತಲೆ ತಗ್ಗಿಸಿಕೊಂಡು ಹೋದೆವು. ಹೆಂಗಸರು ಆಗಲೇ ಜಗಲಿಯಲ್ಲಿ ಸೇರಿದ್ದರು. “ಏನಮ್ಮಾ, ನಿಮ್ ಸೋಲಾರು ಹಬ್ಬಕ್ಕೇ ಕೈ ಕೊಡ್ತಂತೆ?”

ಮೇಷ್ಟ್ರ ಹೆಂಡತಿ ಒಳಗಿನಿಂದ ಕುಂಟುತ್ತಾ ಬಂದು, ಸೀರೆ ತುಸು ಎತ್ತಿ ಪಾದ ಮುಂದಿಟ್ಟರು. ಕೆಂಪಗೆ ಬೆಂದಿತ್ತು.

“ಅದು ಕೈ ಕೊಟ್ಟಿಲ್ಲ ಕಣ್ರೇ. ನೆನ್ನೆ ನಾನೇ ನೀರು ಬಿಟ್ಟಿದ್ದು, ಕಾಲ್ ಮೇಲೆ ಬಿತ್ತು. ಒಂದು ಕಡ್ಡಿ ಸೌದೆ ಉರಿಸದೆ ಕಾದ ನೀರು ನೋಡಿ!”

ಕೂಗಾಡುವ ಭರದಲ್ಲಿ ನಾನು ಆ ಕಾಲನ್ನು ನೋಡಿಯೇ ಇರಲಿಲ್ಲ. ನಾಚಿಕೆಯಿಂದ ಸತ್ತೆ. ಹೆಂಗಸರೋ, ಒಬ್ಬೊಬ್ಬರೇ ಬಗ್ಗಿ ನೋಡಿದರು. “ಅಯ್ಯೋ, ಬೊಬ್ಬೆನೇ ಎದ್ದಿದೆ!” ಎಂದವರ ದನಿಯಲ್ಲಿ ಕನಿಕರಕ್ಕಿಂತ ಆಸೆಯೇ ಹೆಚ್ಚಿತ್ತು.

ಆ ವಾರ ಐದು ಆರ್ಡರ್ ಬಂದವು. ಹಬ್ಬದ ನೀರನ್ನು ಹಿಂದಿನ ದಿನ ಬೆಳಗ್ಗೆಯೇ, ಬಿಸಿಲೇರುವ ಮೊದಲು ತುಂಬಿಸಿ ಎಂದು ಎಲ್ಲರಿಗೂ ಮೊದಲೇ ಹೇಳಿದೆವು. ಇವರು ಕಾರ್ಖಾನೆಗೆ ಹೋಗಿ ರಾಜೀನಾಮೆ ಕೊಟ್ಟುಬಂದ ದಿನ ನಾನು ಮುಲಾಮು ಹಿಡಿದು ಬಸವೇಶ್ವರನಗರಕ್ಕೆ ಹೋಗಿ, ತಪ್ಪಾಯಿತು ಎಂದೆ.

ಅವರು ನಕ್ಕು, “ಇನ್ನೂ ನಂಬದೇ ಇರೋರು ಯಾರಾದ್ರೂ ಇದ್ರೆ ಬೇಗ ಕಳ್ಸಮ್ಮಾ, ಕಾಲು ವಾಸಿ ಆಗ್ತಾ ಇದೆ” ಎಂದರು.