ಬೈಲಹೊಂಗಲದಲ್ಲಿ ನೀರು ಕುಡಿಯಲು ಕಲಿತದ್ದು

"ಬೈಲಕಡಿಗೆ ಗಂಡಸರ ಕಡಿ ಹೋಗ್ತಿಯೋ, ಹೆಂಗಸರ ಕಡಿಯೋ?"

ಬೈಲಹೊಂಗಲದಲ್ಲಿ ಬಾಡಿಗೆಗೆ ಕೋಣೆ ಕೇಳಿದಾಗ ಮನೆಯೊಡತಿ ಗಂಗವ್ವ ಮೊದಲು ಕೇಳಿದ್ದು ಇದನ್ನೇ. ಬೈಲಕಡಿ ಎಂದರೆ ಬಹಿರ್ದೆಸೆಗೆ ಹೋಗುವ ಬಯಲು. ಗಂಡಾಗಿ ಹುಟ್ಟಿ, ಸೀರೆಯುಟ್ಟು, ತಿಪಟೂರು ಬಿಟ್ಟು ಬಂದವಳು ನಾನು. ನಮ್ಮ ಕಡೆ ಇಂಥದ್ದನ್ನು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಇಲ್ಲಿ ಮುಖಕ್ಕೇ ಕೇಳುತ್ತಾರೆ. ಉತ್ತರಕ್ಕೆ ಕಾಯದೆ ಆಕೆ ಕೋಣೆಯನ್ನಂತೂ ಕೊಟ್ಟಳು.

ಎಪ್ಪತ್ತರ ದಶಕದ ಆರಂಭ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಮುದ್ದೆ ಕಟ್ಟಿದ ಕೈಗೆ ಜೋಳದ ಹಿಟ್ಟು ಬೇಗ ಒಲಿಯಲಿಲ್ಲ. 'ಬನ್ನಿ' ಎನ್ನುತ್ತಿದ್ದ ಬಾಯಿಗೆ 'ಬರ್ರಿ' ಬಂತು. ಬಯಲಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಗಂಡಸರ ಕಡೆ ಹೋದರೆ ಕಲ್ಲು ಬೀಳುತ್ತಿತ್ತು, ಹೆಂಗಸರು ನನ್ನನ್ನು ಕಂಡೊಡನೆ ಎದ್ದು ನಿಲ್ಲುತ್ತಿದ್ದರು. ಒಲೆಯ ಮುಂದೆ ಕೂತರೂ ನೀರು ಕುಡಿಯದೆ, ಕತ್ತಲಾಗುವವರೆಗೆ ತಡೆದುಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಜ್ವರ ಬಂತು, ಉಚ್ಚೆ ಕಟ್ಟಿತು.

ದವಾಖಾನೆಗೆ ಒಲ್ಲೆನೆಂದೆ. ಹಿಂದೊಮ್ಮೆ, ನಮ್ಮ ಕಡೆಯ ಡಾಕ್ಟರೊಬ್ಬರು ಸೀರೆ ಎತ್ತಿಸಿ, ಬಾಗಿಲಲ್ಲಿದ್ದವರನ್ನೆಲ್ಲ ನೋಡಲು ಕರೆದಿದ್ದರು. ಗಂಗವ್ವ ಕೇಳಲಿಲ್ಲ, ಎತ್ತಿನ ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೋದಳು.

ಇಲ್ಲಿಯ ಡಾಕ್ಟರು ಮೊದಲು ಬಾಗಿಲು ಹಾಕಿಸಿದರು. "ತಂಗಿ, ಸಣ್ಣ ನಳಿಗಿ ಹಾಕಬೇಕು. ನೋವಾಗತೈತಿ. ಸಾಕು ಅಂದ್ರ ಅಲ್ಲಿಗೇ ನಿಲ್ಲಸ್ತೇನಿ."

ತಂಗಿ ಅಂದರು. ನೋವಿಗಿಂತ ಮೊದಲೇ ಅಳು ಬಂತು. ಗಂಗವ್ವ ಸೆರಗು ಅಡ್ಡ ಹಿಡಿದು, ಗೋಡೆಯತ್ತ ಮುಖ ಮಾಡಿ ನಿಂತಳು.

"ನೀರು ಭಾಳ ಕುಡೀಬೇಕು. ತಡಕೋಬಾರದು," ಎಂದರು ಡಾಕ್ಟರು.

"ಎಲ್ಲಿಗೆ ಹೋಗ್ಲಿ ಸಾರ್?"

ಗಂಗವ್ವನೇ ಹೇಳಿದಳು: "ನಮ್ಮ ಬಚ್ಚಲಕ್ಕ ಹೋಗ್ಲಿ ಬಿಡ್ರಿ. ಆಕಿ ಎಲ್ಲಿ ಹೋಗ್ತಾಳ ಅನ್ನೂದು ಊರಿಗ್ಯಾಕ ಬೇಕು?"

ಮೂತ್ರದ ದಾರಿ ಕಿರಿದಾಗಿತ್ತು. ಆಗಾಗ ಹೋಗಿ ನಳಿಕೆ ಹಾಕಿಸಿಕೊಳ್ಳಬೇಕಾಯಿತು. ಹೊರಗೆ ಬೆಂಚಿನ ಮೇಲೆ ಕೆಲವರು ನನ್ನಿಂದ ದೂರ ಸರಿಯುತ್ತಿದ್ದರು. ಒಳಗಿನಿಂದ ಕರೆಯುವುದು ಮಾತ್ರ "ಬಾರವ್ವ ತಂಗಿ" ಎಂದೇ. ಹಾಗೆಯೇ ವರ್ಷಗಳು ಕಳೆದವು.

ಅಮ್ಮನಿಗೆ ಹುಷಾರಿಲ್ಲವೆಂದು ತಿಳಿದು ತಿಪಟೂರಿಗೆ ಹೋದೆ. ಅಂಗಳದಲ್ಲೇ ಅಣ್ಣ ತಡೆದು, ಕೈಗೆ ಪಂಚೆ ಕೊಟ್ಟು, "ಇದನ್ನ ಉಟ್ಕೊಂಡು ಒಳಗೆ ಬಾ" ಎಂದ. ಜಗಳಾಡುವ ಶಕ್ತಿಯಿರಲಿಲ್ಲ. ಉಟ್ಟೆ. ಅಮ್ಮ ಎರಡೂ ಕೈಯಿಂದ ಕೆನ್ನೆ ಸವರಿ, "ನನ್ ಮಗ ಬಂದ" ಎಂದಳು. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಮಾರನೆಯ ದಿನ ಬೈಲಹೊಂಗಲಕ್ಕೆ ಹೊರಟು ಚೀಲ ಎತ್ತಿಕೊಂಡಾಗ, ಎಲ್ಲಿಗೆ ಎಂದು ಅಮ್ಮ ಕೇಳಿದಳು.

"ಊರಿಗೆ ಅಮ್ಮ," ಎಂದುಬಿಟ್ಟೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. "ಇದ್ಯಾವೂರೋ ಮತ್ತೆ?"